ಸೈಲೆನ್ಸರ್ ಬದಲಿಸುವಾಗ ಗಾಡಿ ಬಿಟ್ಟು ಕದಲಬೇಡಿ

ಹುಬ್ಬಳ್ಳಿ-ಧಾರವಾಡ ಕಡೆ ಟೂರಿಂಗ್ ಗಾಡಿ ಇಟ್ಟುಕೊಂಡು, ಬೇರೆ ಸೈಲೆನ್ಸರ್ ಹಾಕಿಸೋಣ ಅಂತ ಅಂಗಡಿ ಅಂಗಡಿ ವಿಚಾರಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಗಾಡಿಯ ಕಂಪನಿ ಪೈಪನ್ನು ನನಗೆ ಒಂದು ಮಾತೂ ಹೇಳದೆ ಗ್ರೈಂಡರ್ ಹಾಕಿ ಕತ್ತರಿಸಿದರು. ಆ ತುಂಡಿನೊಳಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇತ್ತು. ತುಂಡು ಇವತ್ತಿಗೂ ವಾಪಸ್ ಬಂದಿಲ್ಲ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅಲ್ಲಿಯೇ ತೀರ್ಮಾನ ಆಗಲಿ.

ನನಗೆ ಜೋರು ಸದ್ದು ಬೇಕಿರಲಿಲ್ಲ. ಕಂಪನಿ ಸೈಲೆನ್ಸರ್ ಭಾರ, ಅಗಲವೂ ಜಾಸ್ತಿ. ಬಲಗಡೆ ಸ್ಯಾಡಲ್ ಬ್ಯಾಗ್ ಕಟ್ಟಿದರೆ ಎಡಗಡೆಗಿಂತ ಹೊರಗೆ ಚಾಚಿಕೊಳ್ಳುತ್ತಿತ್ತು. ಸ್ವಲ್ಪ ಹಗುರದ್ದು, ತೆಳ್ಳಗಿನದ್ದು ಸಿಕ್ಕರೆ ಬ್ಯಾಗಿಗೆ ಜಾಗ ಆಗುತ್ತದೆ ಅಂತ ಹೋಗಿದ್ದೆ. ಕಂಪನಿ ಪೈಪಿಗೆ ಏನೂ ಮಾಡಬಾರದು, ಬೇಕಾದಾಗ ಹಳೆಯದನ್ನೇ ವಾಪಸ್ ಹಾಕುವಂತಿರಬೇಕು ಅಂತ ಮೊದಲೇ ಹೇಳಿದ್ದೆ. "ಏನೂ ಕಟ್ ಮಾಡಂಗಿಲ್ರೀ ಸರ, ಬರೇ ಬೋಲ್ಟ್ ಬಿಚ್ಚೋದು, ಹಾಕೋದು" ಅಂದರು. ದುಡ್ಡು ಕೊಟ್ಟೆ. ಕೆಲಸ ಶುರುವಾಗುತ್ತಿದ್ದಂತೆ "ಚಹಾ ಕುಡದ್ ಬರ್ರಿ, ಅಷ್ಟರಾಗ ಆಗ್ತೈತಿ" ಅಂತ ಕಳಿಸಿದರು.

ಮನೆಗೆ ಬಂದು ಗಾಡಿ ಕೆಳಗೆ ಟಾರ್ಚ್ ಬಿಟ್ಟಾಗ ಗೊತ್ತಾಯಿತು. ಇಂಜಿನ್ನಿನಿಂದ ಹೊರಬರುವ ಬೆಂಡ್ ಪೈಪ್ ಮುಗಿಯುವ ಕಡೆ ಕಂಪನಿ ಪೈಪ್ ಇರಲೇ ಇಲ್ಲ. ಅದರ ಜಾಗದಲ್ಲಿ ಬೇರೆ ದಪ್ಪದ ಪೈಪ್ ಕೂಡಿಸಿ ವೆಲ್ಡಿಂಗ್ ಹೊಡೆದಿದ್ದರು. ವೆಲ್ಡಿಂಗ್ ಗಂಟು ಗಂಟಾಗಿತ್ತು. ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದರ ಸುತ್ತ ಆಗಲೇ ಕಪ್ಪು ಮಸಿ ಕೂತಿತ್ತು. ಗಾಡಿ ಚಾಲೂ ಮಾಡಿ ಕೈ ಹತ್ತಿರ ಹಿಡಿದರೆ ಬಿಸಿ ಹೊಗೆ ತಾಕುತ್ತಿತ್ತು. ಫೋನ್ ಮಾಡಿ ಹಳೇ ತುಂಡು ಎಲ್ಲಿ ಅಂತ ಕೇಳಿದೆ. "ಅದು ಗುಜರಿ ಮಾಲು ಸರ, ಒಗದ್ವಿ" ಅಂದರು.

ಅದು ಗುಜರಿ ಮಾಲಲ್ಲ. ಎಲ್ಲರಿಗೂ ಗೊತ್ತಾಗಬೇಕಾದ ವಿಷಯ ಇದೇ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್6 ಅನ್ನೋ ಹೊಗೆ ನಿಯಮದ ಗಾಡಿಗಳು ಹೊಗೆಯ ಮಿತಿ ದಾಟದಂತೆ ನೋಡಿಕೊಳ್ಳುವುದು ಈ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳಿರುತ್ತವೆ. ಅವುಗಳ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪ ಇರುತ್ತದೆ. ಮೂರೂ ದುಬಾರಿ ಲೋಹಗಳೇ. ಅದಕ್ಕೇ ಹಳೇ ಕನ್ವರ್ಟರ್ ಕೊಂಡುಕೊಳ್ಳುವವರು ಇದ್ದಾರೆ. ನಿಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಅಂತ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಕೆಲವು ಗಾಡಿಯಲ್ಲಿ ಬೆಂಡ್ ಪೈಪಿನಲ್ಲಿ, ಕೆಲವರದ್ದು ನಡುವಿನ ಪೈಪಿನಲ್ಲಿ, ಇನ್ನು ಕೆಲವರದ್ದು ಸೈಲೆನ್ಸರ್ ಡಬ್ಬಿಯೊಳಗೇ ಇರುತ್ತದೆ. ಬೆಂಡ್ ಪೈಪಿನಿಂದ ಹಿಡಿದು ಸೈಲೆನ್ಸರ್ ತನಕ ಒಂದೇ ತುಂಡಾಗಿ ಬರುವ ಗಾಡಿಗೆ ಯಾರಾದರೂ "ಬರೇ ಹಿಂದಿನ ಡಬ್ಬಿ ಬದಲಿಸ್ತೀವಿ" ಅಂದರೆ, ಅಲ್ಲಿ ಕತ್ತರಿಸೋದು ಇದ್ದೇ ಇರುತ್ತದೆ ಅಂತ ತಿಳಿದುಕೊಳ್ಳಿ.

ಆ ಬಿರುಕಿನಿಂದ ಆದ ತೊಂದರೆ ಸಣ್ಣದಲ್ಲ. ನನ್ನ ಗಾಡಿಯಲ್ಲಿ ಅದು, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರಿಗೆ ತೀರಾ ಹತ್ತಿರದಲ್ಲಿತ್ತು. ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಈಸಿಯು ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ಆವರೇಜ್ ಇಳಿಯಿತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟ್ ಪಟ್ ಅಂತ ಪಟಾಕಿ ಸದ್ದು ಬರುತ್ತಿತ್ತು. ಅಂಗಡಿಯವರನ್ನು ಕೇಳಿದರೆ "ಅದು ಸ್ಪೋರ್ಟ್ಸ್ ಸೌಂಡ್ ಸರ" ಅಂದರು. ಸುಡದೇ ಉಳಿದ ಪೆಟ್ರೋಲ್ ಕಾದ ಪೈಪಿನಲ್ಲಿ ಗಾಳಿ ಸೇರಿ ಹೊತ್ತಿಕೊಳ್ಳುವ ಸದ್ದು ಅದು. ಐದು ಎಚ್‌ಪಿ ಹೆಚ್ಚಾಗುತ್ತದೆ ಅಂತಲೂ ಹೇಳಿದ್ದರು. ನಮ್ಮಂಥ ಸಿಂಗಲ್ ಸಿಲಿಂಡರ್ ಗಾಡಿಗೆ ಬರೀ ಸೈಲೆನ್ಸರ್ ಬದಲಿಸಿದರೆ ಒಂದೆರಡು ಎಚ್‌ಪಿ ಸಿಕ್ಕರೇ ದೊಡ್ಡದು.

ವೆಲ್ಡಿಂಗ್ ಸರಿ ಮಾಡಿಕೊಡಿ ಅಂತ ಗಾಡಿ ವಾಪಸ್ ಒಯ್ದೆ. ಮೇಲಿಂದ ಇನ್ನೊಂದು ಸಲ ವೆಲ್ಡಿಂಗ್ ಎಳೆದು, ಇನ್ನೇನೂ ಆಗುವುದಿಲ್ಲ ಅಂದರು. ಗೋಕರ್ಣಕ್ಕೆ ಹೊರಟಾಗ ಕಲಘಟಗಿ, ಯಲ್ಲಾಪುರ ದಾಟುವವರೆಗೆ ಏನೂ ಆಗಲಿಲ್ಲ. ಅರಬೈಲ್ ಘಾಟಿನಲ್ಲಿ ಬಲಗಡೆಯಿಂದ ಕಟಕಟ ಅನ್ನೋ ಸದ್ದು ಶುರುವಾಯಿತು, ಹಿಂದೆಯೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಒಂದು ತಿರುವು ದಾಟಿ ಅಗಲ ಜಾಗ ನೋಡಿ ನಿಲ್ಲಿಸಿದೆ. ಸೈಲೆನ್ಸರ್ ಹಿಡಿದಿದ್ದ ಪಟ್ಟಿ ತುಂಡಾಗಿ, ಡಬ್ಬಿ ಸಡಿಲಾಗಿ ತಿರುಗಿ, ಅದರ ಬಾಯಿ ಮೇಲೆದ್ದು ಬ್ಯಾಗಿಗೆ ಒತ್ತಿಕೊಂಡಿತ್ತು. ಬ್ಯಾಗಿನ ತಳ ಕರಗಿ ಒಳಗಿನ ರೇನ್‌ಕೋಟಿಗೆ ಅಂಟಿಕೊಂಡಿತ್ತು. ಹಿಂದೆ ಹೆಂಡತಿ ಕೂತಿದ್ದಳು. ಆ ಡಬ್ಬಿ ಪೂರ್ತಿ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿದ್ದರೆ, ಹಿಂದೆ ಲಾರಿ ಬರುತ್ತಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಯಲ್ಲಾಪುರದ ಕಡೆಯಿಂದ ಬಂದ ಗೂಡ್ಸ್ ಗಾಡಿಯವರು ನಿಲ್ಲಿಸಿ ತಂತಿ ಕೊಟ್ಟರು. ಬಿಗಿದು ಕಟ್ಟಿಕೊಂಡು ನಿಧಾನಕ್ಕೆ ಇಳಿದೆವು. ಅವರ ಉಪಕಾರ ಮರೆಯೋದಿಲ್ಲ.

ಮುರಿದ ಪಟ್ಟಿಯನ್ನು ಆಮೇಲೆ ಸರಿಯಾಗಿ ನೋಡಿದೆ. ತೆಳು ತಗಡು, ರಬ್ಬರ್ ಬುಶ್ ಇಲ್ಲ. ಕಂಪನಿ ಸೈಲೆನ್ಸರನ್ನು ರಬ್ಬರ್ ನಡುವೆ ಇಟ್ಟು ಹಿಡಿದಿರುತ್ತಾರೆ, ಇಂಜಿನ್ ನಡುಕ ಅದು ತಿನ್ನುತ್ತದೆ. ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಿಗಿದಿದ್ದರು. ಊರೊಳಗೆ ಕಾಲೇಜಿಗೆ, ಆಫೀಸಿಗೆ ಓಡಾಡುವ ಗಾಡಿಯಾದರೆ ಇದು ಬೇಗ ಗೊತ್ತಾಗದೇ ಇರಬಹುದು. ಟೂರಿಂಗ್ ಗಾಡಿ ತಾಸುಗಟ್ಟಲೆ ಒಂದೇ ವೇಗದಲ್ಲಿ, ಲಗೇಜ್ ಹೊತ್ತು, ಗುಂಡಿ ಹಾರಿಕೊಂಡು ಓಡುತ್ತದೆ. ನಡುಕ, ಶಾಖ, ಭಾರ ಎಲ್ಲವೂ ಬೀಳುವುದು ಆ ಪಟ್ಟಿಯ ಮೇಲೆಯೇ. ಸೈಲೆನ್ಸರ್ ನೋಡುವಾಗ ಡಬ್ಬಿಯ ಹೊಳಪು ಬಿಡಿ, ಪಟ್ಟಿ ಮತ್ತು ಬುಶ್ ಮೊದಲು ನೋಡಿ. ಬ್ಯಾಗ್ ಕಟ್ಟಿಕೊಂಡೇ ಅಂಗಡಿಗೆ ಹೋಗಿ, ಇಬ್ಬರು ಕೂತು ಸಸ್ಪೆನ್ಷನ್ ತಗ್ಗಿದಾಗ ಎಷ್ಟು ಅಂತರ ಉಳಿಯುತ್ತದೆ ನೋಡಿ.

ಡಬ್ಬಿಯ ಮೇಲೆ ಹೆಸರಾಂತ ವಿದೇಶಿ ಕಂಪನಿಯ ಸ್ಟಿಕರ್ ಇತ್ತು. ನಕಲಿ. ರಸ್ತೆಗೆ ಒಪ್ಪಿಗೆ ಪಡೆದ ಅಸಲಿ ಯುರೋಪಿನ ಸೈಲೆನ್ಸರ್ ಮೇಲೆ ಸಾಮಾನ್ಯವಾಗಿ ವೃತ್ತದೊಳಗೆ ಇಂಗ್ಲಿಷಿನ ದೊಡ್ಡ E ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ ಕೊರೆದಿರುತ್ತದೆ. ಜರ್ಮನಿಗೆ 1, ಇಟಲಿಗೆ 3, ಸ್ಪೇನ್‌ಗೆ 9. ಸ್ಟಿಕರ್ ಕಿತ್ತರೆ ಬರುತ್ತದೆ, ಕೊರೆದದ್ದು ಬರಲ್ಲ. ಅದನ್ನೂ ನಕಲು ಹೊಡೆಯುವವರಿದ್ದಾರೆ, ಹಾಗಾಗಿ ಬಿಲ್ಲಿನಲ್ಲಿ ಕಂಪನಿ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ಬರೀ 'ಬೈಕ್ ಪಾರ್ಟ್ಸ್' ಅಂತಿತ್ತು. ಇನ್ನೊಂದು ವಿಷಯ, ಆಯಸ್ಕಾಂತ ಅಂಟಿದರೆ ನಕಲಿ ಅಂತ ಕೆಲವರು ಹೇಳುತ್ತಾರೆ. ಅದನ್ನೊಂದೇ ನಂಬಬೇಡಿ. 304 ಅನ್ನೋ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಸಾಮಾನ್ಯವಾಗಿ ಅಂಟುವುದಿಲ್ಲ, ನಿಜ. ಆದರೆ ಸೈಲೆನ್ಸರಿಗೆ ಬಹಳ ಕಡೆ ಬಳಸುವ 409 ದರ್ಜೆಯ ಸ್ಟೀಲಿಗೆ ಅಂಟುತ್ತದೆ.

ಯುರೋಪಿನ ಗುರುತು ಇದ್ದ ಮಾತ್ರಕ್ಕೆ ನಮ್ಮ ಪೊಲೀಸರು ಬಿಡಬೇಕು ಅಂತಲೂ ಇಲ್ಲ. ನಮ್ಮಲ್ಲಿ 175 ಸಿಸಿ ಮೀರಿದ ದ್ವಿಚಕ್ರ ಗಾಡಿ ತಯಾರಾಗುವಾಗಲೇ ಪಾಸಾಗಬೇಕಾದ ಸದ್ದಿನ ಮಿತಿ 80 ಡೆಸಿಬಲ್. ಸದ್ದು ಮತ್ತು ಹೊಗೆಯ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಇದೆ, ಲೈಸೆನ್ಸ್ 3 ತಿಂಗಳು ಹೋಗಬಹುದು. ಸದ್ದು ತಗ್ಗಿಸಲು ಸೈಲೆನ್ಸರ್ ಬಾಯೊಳಗೆ ಇಡುವ ಡಿಬಿ ಕಿಲ್ಲರ್ ತೆಗೆದು ಓಡಿಸುವವರು ತಮ್ಮ ಕಿವಿಯ ಕಡೆಗೂ ನೋಡಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು ಅನ್ನುತ್ತಾರೆ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧ ಆಗುತ್ತದೆ, 94ಕ್ಕೆ ಬಂದಾಗ 1 ತಾಸು ಅಷ್ಟೇ. ಹೆಲ್ಮೆಟ್ಟಿನ ಗಾಳಿ ಸದ್ದು ಬೇರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ನಮ್ಮ ಕಡೆಯವರು ಗುಂಪಾಗಿ ಗಾಡಿ ಒಯ್ಯುತ್ತಾರೆ. ಅಷ್ಟು ದೂರದಿಂದ ಹಾರಿ ಬಂದ ಹಕ್ಕಿಗಳಿರುವ ಕೆರೆ ದಂಡೆಯಲ್ಲಿ ಗಾಡಿ ಗುಡುಗಿಸಿಕೊಂಡು ನಿಲ್ಲೋದು ನನಗಂತೂ ಸರಿ ಕಾಣಲ್ಲ.

ಕಂಪನಿಯ ಹೊಸ ಪೈಪ್ ಸೆಟ್ ತರಿಸಿ ಹಾಕಿಸಿದ್ದೇನೆ. ಈ ನಕಲಿ ಡಬ್ಬಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಮತ್ತೆ ಯಾರಾದರೂ ಬೇರೆ ಸೈಲೆನ್ಸರ್ ಹಾಕಿಸುವುದೇ ಆದರೆ ವಾರಂಟಿಗೆ ಏನಾಗುತ್ತದೆ ಅಂತ ಸರ್ವಿಸ್ ಸೆಂಟರಿನಲ್ಲಿ, ಕ್ಲೇಮ್ ಏನಾಗುತ್ತದೆ ಅಂತ ಇನ್ಶೂರೆನ್ಸಿನವರಲ್ಲಿ ಬರಹದಲ್ಲಿ ಕೇಳಿ. ಹಳೇ ಸಾಮಾನು ಪೂರ್ತಿ ವಾಪಸ್ ಅಂತ ಬಿಲ್ಲಿನ ಮೇಲೆ ಬರೆಸಿ. ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ. ಗ್ರೈಂಡರ್ ಕೈಗೆ ತೆಗೆದುಕೊಂಡರೆ ಅಲ್ಲೇ ನಿಲ್ಲಿಸಿ.

ಇದೇ ರೀತಿ ಮೋಸ ಆಗಿದ್ದರೆ ಸುಮ್ನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಬಿಲ್, ದುಡ್ಡು ಕಳಿಸಿದ ದಾಖಲೆ, ಕತ್ತರಿಸಿದ ಜಾಗದ ಫೋಟೋ, ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಚೀಟಿ, ಮುರಿದ ಪಟ್ಟಿ ಇವೆಲ್ಲ ಇಟ್ಟುಕೊಳ್ಳಿ. ಧಾರವಾಡದಲ್ಲಿ ದೂರು ಬರೆಯಲು ಯಾರಿಗಾದರೂ ನೆರವು ಬೇಕಿದ್ದರೆ ಕೇಳಿ, ನನ್ನ ದೂರಿನ ಪ್ರತಿ ಕೊಡುತ್ತೇನೆ.