ಓಪನ್‌ಫೋಮ್: ಇನ್‌ಸ್ಟಾಲ್ ಅರ್ಧ ಗಂಟೆ, ಎಡವುವುದು ಎರಡೇ ಕಡೆ

ಗಾಳಿ, ನೀರು, ಶಾಖ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಿಎಫ್‌ಡಿ ಕೆಲಸಕ್ಕೆ ಪುಕ್ಕಟೆ ಸಿಗುವ ತಂತ್ರಾಂಶಗಳಲ್ಲಿ ಓಪನ್‌ಫೋಮ್‌ಗೆ ಸರಿಸಾಟಿ ಕಡಿಮೆ. ಲೈಸೆನ್ಸ್ ಶುಲ್ಕ ಇಲ್ಲ, ಹರಿವಿನ ಜಾಗವನ್ನು ಸಣ್ಣ ಸಣ್ಣ ಕೋಣೆಗಳಾಗಿ (ಸೆಲ್) ಒಡೆದ ಬಲೆಯಾದ ಮೆಶ್‌ನಲ್ಲಿ ಎಷ್ಟು ಸೆಲ್ ಇರಬೇಕೆಂಬ ಮಿತಿ ಇಲ್ಲ, ಸೋರ್ಸ್ ಕೋಡ್ ಕೈಯಲ್ಲೇ ಇರುತ್ತದೆ. ಆದರೆ ‘ಇನ್‌ಸ್ಟಾಲ್ ಮಾಡೋದೇ ದೊಡ್ಡ ತಲೆನೋವು’ ಅನ್ನುವ ಹಳೇ ಅಪವಾದ ಇನ್ನೂ ಬೆನ್ನು ಬಿಟ್ಟಿಲ್ಲ. ಸೋರ್ಸ್ ಇಳಿಸಿ ರಾತ್ರಿಯಿಡೀ ಕಂಪೈಲ್ ಮಾಡುತ್ತಿದ್ದ ಕಾಲಕ್ಕೆ ಅದು ನಿಜ. ಈಗ ರೆಡಿ ಪ್ಯಾಕೇಜ್ ಸಿಗುತ್ತದೆ. ನೆಟ್ ಚೆನ್ನಾಗಿದ್ದರೆ ಅರ್ಧ ಗಂಟೆಯ ಕೆಲಸ. ಇಷ್ಟಾದರೂ ಜನ ಎಡವುತ್ತಾರೆ, ಅದೂ ಹೆಚ್ಚಾಗಿ ಎರಡೇ ಕಡೆ: ಯಾವ ಓಪನ್‌ಫೋಮ್ ಅನ್ನುವಲ್ಲಿ, ಮತ್ತು ಫೈಲ್‌ಗಳನ್ನು ಎಲ್ಲಿ ಇಡುವುದು ಅನ್ನುವಲ್ಲಿ.

ಯಾವ ಓಪನ್‌ಫೋಮ್ ಅಂದರೆ, ಇರುವುದು ಒಂದಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ಶುರುವಾದ ಕೋಡ್ ಇದು. 2004ರ ಡಿಸೆಂಬರ್‌ನಲ್ಲಿ ಓಪನ್‌ಸಿಎಫ್‌ಡಿ ಕಂಪನಿ ಇದನ್ನು ಓಪನ್ ಸೋರ್ಸ್ ಮಾಡಿತು. 2011ರಲ್ಲಿ ಓಪನ್‌ಫೋಮ್ ಫೌಂಡೇಶನ್ ಹುಟ್ಟಿತು, 2012ರಲ್ಲಿ ಓಪನ್‌ಸಿಎಫ್‌ಡಿ ಇಎಸ್‌ಐ ಗ್ರೂಪ್‌ನ ಪಾಲಾಯಿತು. ಈಗ ಒಂದೇ ಹೆಸರಿನಲ್ಲಿ ಎರಡು ಕವಲು. ಬಳಸುವವರ ಬಾಯಲ್ಲಿ ಇವು ‘ಆರ್ಗ್ ವರ್ಶನ್’ ಮತ್ತು ‘ಕಾಮ್ ವರ್ಶನ್’. ಸೈಟಿನ ವಿಳಾಸ ಹೇಗೆ ಮುಗಿಯುತ್ತದೋ ಅದೇ ಅಡ್ಡಹೆಸರು. ಫೌಂಡೇಶನ್‌ನ ಆರ್ಗ್ ವರ್ಶನ್‌ಗೆ 11, 12, 13 ಎಂಬ ಸಂಖ್ಯೆ. ಕಾಮ್ ವರ್ಶನ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತದೆ. ವಿ2412 ಅಂದರೆ 2024ರ 12ನೇ ತಿಂಗಳಿನದು.

ಎರಡೂ ಒಂದೇ ತಾಯಿಯ ಮಕ್ಕಳು, ಆದರೆ ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ. ಆರ್ಗ್ 11ರಿಂದ ಸಾಲ್ವರ್‌ಗಳ, ಅಂದರೆ ಲೆಕ್ಕ ಮಾಡುವ ಪ್ರೋಗ್ರಾಂಗಳ, ಕಟ್ಟಡವೇ ಬದಲಾಗಿದೆ. ಮೊದಲು ಸಿಂಪಲ್‌ಫೋಮ್ ಎಂದು ಟೈಪ್ ಮಾಡುತ್ತಿದ್ದ ಕಡೆ ಈಗ ಫೋಮ್‌ರನ್ ಕೊಟ್ಟು, ಇನ್‌ಕಂಪ್ರೆಸಿಬಲ್‌ಫ್ಲೂಯಿಡ್ ಎಂಬ ಮಾಡ್ಯೂಲ್ ಹೆಸರು ಸೇರಿಸಬೇಕು. ಕೆಲವು ಫೈಲ್‌ಗಳ ಹೆಸರೂ ಬೇರೆ. ಕಾಲೇಜಿನ ನೋಟ್ಸ್, ಹಳೆಯ ವಿಡಿಯೋ ಪಾಠ, ಸೀನಿಯರ್‌ಗಳು ಕೊಟ್ಟುಹೋದ ಕೇಸ್ (ಒಂದು ಲೆಕ್ಕಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಫೋಲ್ಡರ್‌ಗಳಲ್ಲಿ ಬಹುಪಾಲು ಹಳೆಯ ಹೆಸರುಗಳೇ ಇರುತ್ತವೆ. ಅವನ್ನು ಹಿಡಿದುಕೊಂಡು ಕಲಿಯಲು ಹೊರಟವರಿಗೆ ಕಾಮ್ ವರ್ಶನ್ ಹಾಕಿಕೊಳ್ಳುವುದೇ ಸಲೀಸು. ಆರ್ಗ್‌ನ ಹೊಸ ವ್ಯವಸ್ಥೆ ಅಚ್ಚುಕಟ್ಟಾಗಿದೆ, ಸುಳ್ಳಲ್ಲ. ಆದರೆ ಅದನ್ನು ಅದರದೇ ಟ್ಯುಟೋರಿಯಲ್‌ನಿಂದ ಕಲಿಯಬೇಕು, ಪಕ್ಕದವರ ನೋಟ್ಸ್‌ನಿಂದಲ್ಲ. ಮುಂದೆ ಹೇಳುವುದೆಲ್ಲ ವಿ2412 ಇಟ್ಟುಕೊಂಡು.

ಮಷಿನ್ ವಿಷಯ ಚುಟುಕಾಗಿ. ಸಾಧಾರಣ ಕೇಸ್‌ಗೆ 10 ಲಕ್ಷ ಸೆಲ್‌ಗೆ 1ರಿಂದ 2 ಜಿಬಿ ರ‍್ಯಾಮ್ ಎಂದು ಅಂದಾಜಿಸಿ. ಸ್ನ್ಯಾಪಿಹೆಕ್ಸ್‌ಮೆಶ್‌ನಲ್ಲಿ ಮೆಶ್ ಕಟ್ಟುವಾಗ ಅದಕ್ಕಿಂತ ಜಾಸ್ತಿ ಬೇಕು. ಕಲಿಯಲು 8 ಜಿಬಿ ನಡೆಯುತ್ತದೆ, ಪ್ರಾಜೆಕ್ಟ್‌ಗೆ 16 ಇರಲಿ. ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ, ಲೆಕ್ಕ ನಡೆಯುವುದು ಸಿಪಿಯುನಲ್ಲಿ.

ಉಬುಂಟು ಲಿನಕ್ಸ್ ಇದ್ದವರು ನೇರ ಪ್ಯಾಕೇಜ್‌ಗೆ ಹೋಗಬಹುದು. ವಿಂಡೋಸ್ 10 ಅಥವಾ 11 ಇದ್ದವರಿಗೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳ್ಳೆಯ ದಾರಿ. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಬ್ಲ್ಯುಎಸ್‌ಎಲ್ ಕಮಾಂಡ್‌ಗೆ ಇನ್‌ಸ್ಟಾಲ್ ಆಯ್ಕೆ ಕೊಟ್ಟು, ರೀಸ್ಟಾರ್ಟ್ ಮಾಡಿದರೆ ಉಬುಂಟು ಬಂದು ಕೂರುತ್ತದೆ. ಯೂಸರ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ 80370102 ಎಂದು ಮುಗಿಯುವ ಎರರ್ ಬಂದರೆ ವಿಂಡೋಸ್ ಅನ್ನು ಬೈಯಬೇಡಿ, ಬಯಾಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ಇಂಟೆಲ್ ಬೋರ್ಡ್‌ನಲ್ಲಿ ಅದು ವಿಟಿ ಎಂಬ ಹೆಸರಿನಲ್ಲಿ, ಎಎಂಡಿ ಬೋರ್ಡ್‌ನಲ್ಲಿ ಎಸ್‌ವಿಎಂ ಎಂಬ ಹೆಸರಿನಲ್ಲಿ ಇರುತ್ತದೆ.

ಪ್ಯಾಕೇಜ್ ಹಾಕುವುದು ಎರಡು ಹೆಜ್ಜೆ. ಕಾಮ್ ಸೈಟಿನಲ್ಲಿ ರೆಪಾಸಿಟರಿ (ಪ್ಯಾಕೇಜ್‌ಗಳ ಉಗ್ರಾಣ) ಸೇರಿಸುವ ಒಂದು ಸಾಲಿನ ಸ್ಕ್ರಿಪ್ಟ್ ಇದೆ, ಅದನ್ನು ಮೊದಲು ಓಡಿಸಿ. ಆಮೇಲೆ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್ ಆದ ಆಪ್ಟ್‌ನಿಂದ ‘ಓಪನ್‌ಫೋಮ್2412-ಡಿಫಾಲ್ಟ್’ ಎಂಬ ಪ್ಯಾಕೇಜ್ ಹಾಕಿ. ಕೊನೆಯ ‘ಡಿಫಾಲ್ಟ್’ ಮರೆಯಬೇಡಿ. ಬರೀ ‘ಓಪನ್‌ಫೋಮ್2412’ ಎಂದರೆ ಸಾಲ್ವರ್‌ಗಳಷ್ಟೇ ಬರುತ್ತವೆ, ಟ್ಯುಟೋರಿಯಲ್ ಬರುವುದಿಲ್ಲ. ಸಂಖ್ಯೆಯನ್ನೂ ಬಿಟ್ಟು ‘ಓಪನ್‌ಫೋಮ್’ ಎಂದಷ್ಟೇ ಕೊಟ್ಟರೆ ಇನ್ನೊಂದು ಎಡವಟ್ಟು: ಉಬುಂಟು ತನ್ನದೇ ರೆಪಾಸಿಟರಿಯಲ್ಲಿ ಇಟ್ಟುಕೊಂಡಿರುವ, ವರ್ಷಗಟ್ಟಲೆ ಹಳೆಯದಾದ ಪ್ಯಾಕೇಜ್ ಬಂದು ಕೂರಬಹುದು. ಅದರ ಫೋಲ್ಡರ್‌ಗಳ ಜೋಡಣೆಯೇ ಬೇರೆ, ಯಾವ ಗೈಡ್‌ಗೂ ತಾಳೆಯಾಗುವುದಿಲ್ಲ. ‘ಪ್ಯಾಕೇಜ್ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ ಮೊದಲು ಉಬುಂಟುವಿನ ಸಂಖ್ಯೆ ನೋಡಿ, 22.04, 24.04ರಂಥ ಎಲ್‌ಟಿಎಸ್ (ದೀರ್ಘ ಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಮೇಲೆ ಇದ್ದರೆ ಸುಖ.

ಹಾಕಿದ ತಕ್ಷಣ, ಮೆಶ್ ಕಟ್ಟುವ ಕಮಾಂಡ್ ಆದ ಬ್ಲಾಕ್‌ಮೆಶ್ ಎಂದು ಟೈಪ್ ಮಾಡಿದರೆ ‘ಕಮಾಂಡ್ ನಾಟ್ ಫೌಂಡ್’. ಹೊಸಬರಲ್ಲಿ ಬಹಳ ಜನ ಇಲ್ಲೇ ಇನ್‌ಸ್ಟಾಲ್ ಕೆಟ್ಟಿತು ಅಂದುಕೊಂಡು ಇನ್ನೊಮ್ಮೆ ಮೊದಲಿನಿಂದ ಶುರು ಮಾಡುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಟರ್ಮಿನಲ್‌ನಲ್ಲಿ ‘ಓಪನ್‌ಫೋಮ್2412’ ಎಂದು ಕೊಟ್ಟರೆ ಎಲ್ಲ ದಾರಿಗಳೂ ಗೊತ್ತಿರುವ ಒಂದು ಸೆಶನ್ ತೆರೆಯುತ್ತದೆ, ಅದರೊಳಗೆ ಕೆಲಸ ಮಾಡಬೇಕು ಅಷ್ಟೆ. ಪ್ರತಿಸಲ ಇದು ಬೇಡ ಎಂದು, ಟರ್ಮಿನಲ್ ತೆರೆದಾಗಲೆಲ್ಲ ಓಡುವ ಬ್ಯಾಶ್‌ಆರ್‌ಸಿ ಫೈಲ್‌ಗೆ ಸೋರ್ಸ್ ಮಾಡುವ ಸಾಲು ಸೇರಿಸುವವರೂ ಇದ್ದಾರೆ. ಒಂದೇ ವರ್ಶನ್ ಇದ್ದರೆ ಪರವಾಗಿಲ್ಲ. ಆರ್ಗ್ ಮತ್ತು ಕಾಮ್ ಎರಡೂ ಹಾಕಿಕೊಂಡು ಎರಡರ ಸಾಲನ್ನೂ ಅಲ್ಲಿ ಸೇರಿಸಿದಿರೋ, ಒಂದರ ಸಾಲ್ವರ್ ಇನ್ನೊಂದರ ಲೈಬ್ರರಿ ಹುಡುಕುತ್ತ ಅಲೆಯುತ್ತದೆ. ಪ್ಯಾಕೇಜ್‌ಗಳು ಬೇರೆ ಬೇರೆ ಫೋಲ್ಡರ್‌ನಲ್ಲಿ ಕೂರುವುದರಿಂದ ಎರಡೂ ಒಂದೇ ಮಷಿನ್‌ನಲ್ಲಿ ಇರಬಹುದು, ಒಂದೇ ಟರ್ಮಿನಲ್‌ನಲ್ಲಿ ಮಾತ್ರ ಬೇಡ. ಪ್ರಾಂಪ್ಟ್ ಮುಂದೆ ಕಂಸದಲ್ಲಿ ‘ಬೇಸ್’ ಎಂದು ಕಾಣುತ್ತಿದ್ದರೆ ಅನಕೊಂಡಾ ಪೈಥಾನ್ ಎಚ್ಚರವಾಗಿದೆ ಎಂದರ್ಥ. ಅದು ತನ್ನದೇ ಎಂಪಿಐ (ಹಲವು ಕೋರ್‌ಗಳಲ್ಲಿ ಒಟ್ಟಿಗೆ ಲೆಕ್ಕ ನಡೆಸುವ ವ್ಯವಸ್ಥೆ) ಅನ್ನು ಮುಂದೆ ತಳ್ಳುವುದುಂಟು. ಕೊಂಡಾ ಡಿಆ್ಯಕ್ಟಿವೇಟ್ ಮಾಡಿ ಮುಂದುವರಿಯಿರಿ.

ಇನ್ನು ಪರೀಕ್ಷೆ. ಟ್ಯುಟೋರಿಯಲ್‌ಗಳಲ್ಲಿ ಐಕೋಫೋಮ್ ಎಂಬ ಸಾಲ್ವರ್ ಕೆಳಗೆ, ಕ್ಯಾವಿಟಿ ಫೋಲ್ಡರ್‌ನೊಳಗಿರುವ ಕ್ಯಾವಿಟಿ ಕೇಸ್ ಅನ್ನು ನಿಮ್ಮ ರನ್ ಫೋಲ್ಡರ್‌ಗೆ ಕಾಪಿ ಮಾಡಿ. ಮೂಲದಲ್ಲೇ ಓಡಿಸಬೇಡಿ, ಅಲ್ಲಿ ಬರೆಯಲು ಅನುಮತಿ ಇರುವುದಿಲ್ಲ. ಒಳಗೆ ‘0’, ‘ಕಾನ್‌ಸ್ಟಂಟ್’, ‘ಸಿಸ್ಟಮ್’ ಎಂಬ ಮೂರು ಫೋಲ್ಡರ್. ಬ್ಲಾಕ್‌ಮೆಶ್, ಆಮೇಲೆ ಐಕೋಫೋಮ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬ್ಲಾಕ್‌ಮೆಶ್‌ನ ‘ಎಂ’, ಐಕೋಫೋಮ್‌ನ ‘ಎಫ್’ ದೊಡ್ಡಕ್ಷರ. ಒಂದು ಅಕ್ಷರ ತಪ್ಪಿದರೂ ಲಿನಕ್ಸ್ ಕ್ಷಮಿಸುವುದಿಲ್ಲ.

ಈ ಪುಟ್ಟ ಕೇಸ್ ಅನ್ನು ಓಡಿಸಿ ಬಿಟ್ಟುಬಿಡದೆ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 0.1 ಮೀಟರ್ ಬದಿಯ ಚೌಕ ಡಬ್ಬಿ, ಮೇಲಿನ ಮುಚ್ಚಳ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸರಿಯುತ್ತದೆ. ಅಡ್ಡಕ್ಕೆ 20, ಉದ್ದಕ್ಕೆ 20, ಒಟ್ಟು 400 ಸೆಲ್. ಒಂದೊಂದರ ಅಗಲ 0.005 ಮೀಟರ್. ಕಂಟ್ರೋಲ್‌ಡಿಕ್ಟ್ ಫೈಲ್‌ನಲ್ಲಿ ಟೈಮ್ ಸ್ಟೆಪ್ ಕೂಡ 0.005 ಸೆಕೆಂಡ್. ಅಂದರೆ ಮುಚ್ಚಳದ ವೇಗದಲ್ಲಿ ಹೊರಟ ದ್ರವ ಒಂದು ಸ್ಟೆಪ್‌ನಲ್ಲಿ ಸರಿಯಾಗಿ ಒಂದು ಸೆಲ್ ದಾಟುತ್ತದೆ, ಕೂರಂಟ್ ಸಂಖ್ಯೆ 1. ಸೆಲ್‌ಗಳೊಳಗಿನ ವೇಗ ಮುಚ್ಚಳದ್ದಕ್ಕಿಂತ ಕೊಂಚ ಕಡಿಮೆ ಇರುವುದರಿಂದ, ಟರ್ಮಿನಲ್‌ನಲ್ಲಿ ಓಡುವ ಸಾಲುಗಳಲ್ಲಿ ಗರಿಷ್ಠ ಕೂರಂಟ್ 0.85ರ ಆಸುಪಾಸು ಕಾಣಬೇಕು. 0.5 ಸೆಕೆಂಡಿಗೆ ಲೆಕ್ಕ ನಿಂತು, ಕೇಸ್‌ನಲ್ಲಿ 0.1ರಿಂದ 0.5ರವರೆಗೆ ಐದು ಹೊಸ ಫೋಲ್ಡರ್ ಹುಟ್ಟಿದ್ದರೆ ಇನ್‌ಸ್ಟಾಲ್ ಸರಿಯಾಗಿದೆ. ಈಗ ಮೆಶ್ ಅನ್ನು 40ಕ್ಕೆ 40 ಮಾಡಿ ನೋಡಿ: ಸೆಲ್‌ನ ಅಗಲ ಅರ್ಧವಾಯಿತು, ಟೈಮ್ ಸ್ಟೆಪ್ ಹಾಗೇ ಇದ್ದರೆ ಕೂರಂಟ್ ದುಪ್ಪಟ್ಟು. ಅದನ್ನೂ 0.0025ಕ್ಕೆ ಇಳಿಸಬೇಕು. ದೊಡ್ಡ ಕೇಸ್‌ಗಳಲ್ಲಿ ಬರುವ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಎಂಬ ಕುಸಿತದ ಹಿಂದೆ ಬಹಳ ಸಲ ಇರುವುದು ಇದೇ ಲೆಕ್ಕ, ಇಲ್ಲವೇ ಕೆಟ್ಟ ಮೆಶ್. ಅಂಥ ಹೊತ್ತಿನಲ್ಲಿ ಇನ್‌ಸ್ಟಾಲ್ ಮೇಲೆ ಗೂಬೆ ಕೂರಿಸಬೇಡಿ, ಚೆಕ್‌ಮೆಶ್ ಓಡಿಸಿ.

ಎರಡನೇ ಎಡವು ವಿಂಡೋಸ್‌ನವರಿಗೆ ಮಾತ್ರ. ಡಬ್ಲ್ಯುಎಸ್‌ಎಲ್ ಒಳಗಿನಿಂದ ಸಿ ಡ್ರೈವ್ ಕಾಣುತ್ತದೆ, ಹಾಗಾಗಿ ಡೆಸ್ಕ್‌ಟಾಪ್ ಮೇಲೊಂದು ಫೋಲ್ಡರ್ ಮಾಡಿ ಅಲ್ಲೇ ಕೇಸ್ ಓಡಿಸುವ ಆಸೆ ಹುಟ್ಟುತ್ತದೆ. ಬೇಡ. ಲಿನಕ್ಸ್ ಮತ್ತು ವಿಂಡೋಸ್ ಫೈಲ್ ವ್ಯವಸ್ಥೆಗಳ ನಡುವೆ ಪ್ರತಿ ಓದು-ಬರಹವೂ ಒಂದು ಸೇತುವೆ ದಾಟಬೇಕು. ಓಪನ್‌ಫೋಮ್ ಸಣ್ಣ ಸಣ್ಣ ಫೈಲ್‌ಗಳನ್ನು ರಾಶಿಗಟ್ಟಲೆ ಬರೆಯುವುದರಿಂದ ಆ ನಿಧಾನ ಕಣ್ಣಿಗೇ ಕಾಣುತ್ತದೆ. ಜೊತೆಗೆ ವಿಂಡೋಸ್ ದೊಡ್ಡಕ್ಷರ-ಚಿಕ್ಕಕ್ಷರ ಬೇರೆ ಮಾಡುವುದಿಲ್ಲ. ಯೂಸರ್ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಇನ್ನೂ ಕಷ್ಟ, ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇರುವುದು ಓಪನ್‌ಫೋಮ್‌ಗೆ ಆಗಿಬರುವುದಿಲ್ಲ. ಕೇಸ್‌ಗಳೆಲ್ಲ ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇರಲಿ. ವಿಂಡೋಸ್‌ನಿಂದ ನೋಡಬೇಕಾದಾಗ ಆ ಫೋಲ್ಡರ್‌ನಲ್ಲಿ ನಿಂತು ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್ಇ ಎಂದು ಕೊಟ್ಟು, ಸ್ಪೇಸ್ ಬಿಟ್ಟು ಒಂದು ಚುಕ್ಕಿ ಹಾಕಿ; ಕಿಟಕಿ ತೆರೆಯುತ್ತದೆ.

ಫೈಲ್ ತಿದ್ದಲು ವಿಎಸ್ ಕೋಡ್ ಒಳ್ಳೆಯದು, ಆದರೆ ಕೆಳಗಡೆ ಸಾಲಿನ ಕೊನೆ ‘ಎಲ್‌ಎಫ್’ ಎಂದಿದೆಯೇ ನೋಡಿಕೊಳ್ಳಿ. ಕೇಸ್‌ನ ಹೆಜ್ಜೆಗಳನ್ನೆಲ್ಲ ಸಾಲಾಗಿ ಓಡಿಸುವ ಆಲ್‌ರನ್ ಸ್ಕ್ರಿಪ್ಟ್ ವಿಂಡೋಸ್ ಶೈಲಿಯ ‘ಸಿಆರ್‌ಎಲ್‌ಎಫ್’ನಲ್ಲಿ ಸೇವ್ ಆದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಹಟ ಹಿಡಿಯುತ್ತದೆ. ಕಣ್ಣಿಗೆ ಕಾಣದ ತಪ್ಪು, ದಿನವಿಡೀ ತಿನ್ನುತ್ತದೆ.

ಫಲಿತಾಂಶ ನೋಡಲು ಪ್ಯಾರಾವ್ಯೂ. ಅದನ್ನು ಉಬುಂಟು ಒಳಗೆ ಹಾಕಿ ಗ್ರಾಫಿಕ್ಸ್ ಜೊತೆ ಗುದ್ದಾಡುವುದಕ್ಕಿಂತ ವಿಂಡೋಸ್ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಕೇಸ್ ಫೋಲ್ಡರ್‌ನಲ್ಲಿ ಹೆಸರು ಏನೇ ಇರಲಿ, ಕೊನೆಗೆ ‘ಡಾಟ್ ಫೋಮ್’ ಇರುವ ಒಂದು ಖಾಲಿ ಫೈಲ್ ಮಾಡಿ, ಅದನ್ನು ಪ್ಯಾರಾವ್ಯೂನಲ್ಲಿ ತೆರೆದರೆ ಸಾಕು.

ಪ್ಯಾರಲಲ್ ಓಡಿಸಲು ಡಿಕಂಪೋಸ್‌ಪಾರ್‌ನಿಂದ ಕೇಸ್ ಅನ್ನು ತುಂಡು ಮಾಡಿ ಎಂಪಿಐರನ್‌ಗೆ ಕೊಡಬೇಕು. ‘ಸಾಕಷ್ಟು ಸ್ಲಾಟ್ ಇಲ್ಲ’ ಎಂಬ ಉತ್ತರ ಬಂದರೆ ಕಾರಣ ಸರಳ: ಓಪನ್ ಎಂಪಿಐ ಎಣಿಸುವುದು ನಿಜವಾದ ಕೋರ್‌ಗಳನ್ನು, ಥ್ರೆಡ್‌ಗಳನ್ನಲ್ಲ. 4 ಕೋರ್ 8 ಥ್ರೆಡ್ ಪ್ರೊಸೆಸರ್‌ಗೆ 8 ಕೇಳಿದರೆ ಒಪ್ಪುವುದಿಲ್ಲ. ಓವರ್‌ಸಬ್‌ಸ್ಕ್ರೈಬ್ ಆಯ್ಕೆ ಕೊಟ್ಟು ಒಪ್ಪಿಸಬಹುದು, ವೇಗ ಮಾತ್ರ ಸಿಗುವುದಿಲ್ಲ. ಸಿಎಫ್‌ಡಿಯಲ್ಲಿ ಉಸಿರು ಕಟ್ಟುವುದು ಮೆಮೊರಿಯಿಂದ ಡೇಟಾ ಬರುವ ದಾರಿಯಲ್ಲಿ. ರ‍್ಯಾಮ್ ಒಂದೇ ಕಡ್ಡಿಯಾಗಿ ಹಾಕಿದ್ದರೆ ಅದನ್ನು ಜೋಡಿ ಮಾಡಿ; 16ರ ಒಂದು ಕಡ್ಡಿಗಿಂತ 8ರ ಎರಡು ಮೇಲು. ಡಬ್ಲ್ಯುಎಸ್‌ಎಲ್ ಸಾಮಾನ್ಯವಾಗಿ ಒಟ್ಟು ರ‍್ಯಾಮ್‌ನಲ್ಲಿ ಅರ್ಧವನ್ನಷ್ಟೇ ಬಳಸಿಕೊಳ್ಳುತ್ತದೆ. ದೊಡ್ಡ ಮೆಶ್ ಕಟ್ಟುವಾಗ ಸುಮ್ಮನೆ ‘ಕಿಲ್ಡ್’ ಎಂದು ಸತ್ತರೆ, ವಿಂಡೋಸ್ ಯೂಸರ್ ಫೋಲ್ಡರ್‌ನಲ್ಲಿ ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಫೈಲ್ ಬರೆದು 16ರಲ್ಲಿ 12 ಜಿಬಿ ಬಿಟ್ಟುಕೊಡಿ, ಆಮೇಲೆ ಡಬ್ಲ್ಯುಎಸ್‌ಎಲ್ ಅನ್ನು ಪೂರ್ತಿ ಶಟ್‌ಡೌನ್ ಮಾಡಿ ತೆರೆಯಿರಿ.

ಮೋಟರ್‌ಬೈಕ್ ಟ್ಯುಟೋರಿಯಲ್ ಓಡಿಸುವವರಿಗೆ ಒಂದು ಮಾತು. ಆಲ್‌ರನ್ ನಡುವೆ ನಿಂತು, ತಪ್ಪು ತಿದ್ದಿ ಮತ್ತೆ ಓಡಿಸಿದರೆ ‘ಆಗಲೇ ಓಡಿಸಿದೆ, ಲಾಗ್ ಫೈಲ್ ತೆಗೆಯಿರಿ’ ಎಂದು ಪ್ರತಿ ಹೆಜ್ಜೆಯನ್ನೂ ಹಾರಿಸಿಬಿಡುತ್ತದೆ. ಮೊದಲು ಆಲ್‌ಕ್ಲೀನ್ ಕೊಡಿ. ಏಕೆ ನಿಂತಿತು ಎಂಬುದು ಪರದೆಯ ಮೇಲಲ್ಲ, ಲಾಗ್ ಫೈಲ್‌ಗಳ ಕೊನೆಯ ಸಾಲುಗಳಲ್ಲಿ ಇರುತ್ತದೆ.

ಸೋರ್ಸ್‌ನಿಂದ ಕಂಪೈಲ್ ಮಾಡುವುದು ಮೂಲ ಲೈಬ್ರರಿಯನ್ನೇ ತಿದ್ದುವವರಿಗೆ ಬಿಟ್ಟ ವಿಷಯ. ನಿಮ್ಮದೇ ಬೌಂಡರಿ ಕಂಡೀಶನ್ ಬರೆಯಲು ಡಿಫಾಲ್ಟ್ ಪ್ಯಾಕೇಜ್ ಮತ್ತು ಓಪನ್‌ಫೋಮ್‌ನದೇ ಕಂಪೈಲ್ ಕಮಾಂಡ್ ಡಬ್ಲ್ಯುಮೇಕ್ ಸಾಕು.

ಕೊರತೆ ಏನೆಂದರೆ, ಬಟನ್ ಒತ್ತಿ ನಡೆಸುವ ಕಿಟಕಿ ಇದರ ಜೊತೆ ಬರುವುದಿಲ್ಲ. ಎಲ್ಲವೂ ಟೆಕ್ಸ್ಟ್ ಫೈಲ್. ಒಂದು ಸೆಮಿಕೋಲನ್ ಬಿಟ್ಟರೆ ಎರರ್ ತೋರಿಸುವುದು ಮುಂದಿನ ಸಾಲನ್ನು, ಹಾಗಾಗಿ ಒಂದು ಸಾಲು ಮೇಲೆ ನೋಡುವ ಅಭ್ಯಾಸ ಬೇಕು. ಜೊತೆಗೆ ಬರುವ ಟ್ಯುಟೋರಿಯಲ್‌ಗಳು ವಿವರಣೆ ಕೊಡುವುದಕ್ಕಿಂತ ಕಾಪಿ ಮಾಡಿಕೊಳ್ಳಲು ಚೆನ್ನ. ಕೈ ಹಿಡಿದು ಕಲಿಸುವ ಪಾಠ ಬೇಕಾದವರು ಐಐಟಿ ಬಾಂಬೆಯ ಫಾಸೀ ಯೋಜನೆಯ ಓಪನ್‌ಫೋಮ್ ಪಾಠಗಳನ್ನು ನೋಡಬಹುದು, ಅದೂ ಪುಕ್ಕಟೆ. ಅಲ್ಲಿ ಯಾವ ವರ್ಶನ್ ಬಳಸಿದ್ದಾರೆ ಎಂಬುದನ್ನು ಮೊದಲು ಓದಿಕೊಳ್ಳಿ.

ಡಿಸ್ಕ್ ಕಡೆಗೂ ಕಣ್ಣಿರಲಿ. ಡಬ್ಲ್ಯುಎಸ್‌ಎಲ್‌ನ ಉಬುಂಟು ಪೂರ್ತಿಯಾಗಿ ಸಿ ಡ್ರೈವ್‌ನ ಒಂದೇ ದೊಡ್ಡ ಫೈಲ್‌ನಲ್ಲಿ ಇರುತ್ತದೆ. ಲೆಕ್ಕ ಓಡಿದಂತೆ ಅದು ಉಬ್ಬುತ್ತದೆ. ಒಳಗಿನ ಹಳೇ ಕೇಸ್ ಅಳಿಸಿದ ಮಾತ್ರಕ್ಕೆ ಕುಗ್ಗುವುದಿಲ್ಲ. ಮೊದಲ ದೊಡ್ಡ ಕೇಸ್ ಓಡಿಸುವ ಮುನ್ನವೇ ಕಂಟ್ರೋಲ್‌ಡಿಕ್ಟ್‌ನಲ್ಲಿ ರೈಟ್‌ಫಾರ್ಮ್ಯಾಟ್ ಬೈನರಿ ಮಾಡಿ, ಪರ್ಜ್‌ರೈಟ್ 3 ಎಂದು ಹಾಕಿ. ಕೊನೆಯ ಮೂರು ಟೈಮ್ ಫೋಲ್ಡರ್ ಮಾತ್ರ ಉಳಿದು, ಹಳೆಯವು ತಾವಾಗಿಯೇ ಹೋಗುತ್ತವೆ. ಅನಿಮೇಶನ್ ಬೇಕಿದ್ದಾಗ ಮಾತ್ರ ಅದನ್ನು 0ಕ್ಕೆ ತಿರುಗಿಸಿ.