ಮಕ್ಕಳ ಮೊಣಕೈ ಮುರಿತ: ಪ್ಲಾಸ್ಟರೋ, ಆಪರೇಷನ್ನೋ?

ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಜರುಗಿದೆ ಎಂಬುದನ್ನು ಮೊದಲು ಕೇಳಿ. ಮೊಣಕೈ ಮೇಲ್ಭಾಗದಲ್ಲಿ ಬರೀ ಬಿರುಕಿದ್ದರೆ ಸುಮಾರು 3 ವಾರ ಪ್ಲಾಸ್ಟರ್ ಸಾಕು, ಅರಿವಳಿಕೆ ಬೇಕಿಲ್ಲ.

ತುಂಡುಗಳು ಪೂರ್ತಿ ಜರುಗಿದ್ದರೆ ಪ್ಲಾಸ್ಟರ್ ನೆಚ್ಚಬಾರದು. ಅವನ್ನು ಹಿಡಿದಿಡಲು ಊದಿದ ಕೈಯನ್ನು ಹೆಚ್ಚು ಮಡಚಿದರೆ ರಕ್ತನಾಳ ಒತ್ತಿಹೋಗುತ್ತದೆ. ಅರಿವಳಿಕೆ ಕೊಟ್ಟು ಮೂಳೆ ಕೂರಿಸಿ, ಚರ್ಮದ ಮೂಲಕ 2–3 ತಂತಿ ಹಾಕಿಸುವುದೇ ಸರಿ. ಸಾಮಾನ್ಯವಾಗಿ ಕೊಯ್ಯಬೇಕಾಗುವುದಿಲ್ಲ, 3–4 ವಾರಕ್ಕೆ ಓಪಿಡಿಯಲ್ಲೇ ತಂತಿ ತೆಗೆಯುತ್ತಾರೆ. ತಂತಿಯ ಬುಡ ಕೀವಾಗಬಹುದು, ಅಪರೂಪಕ್ಕೆ ನರಕ್ಕೆ ಪೆಟ್ಟಾಗಬಹುದು.

ಮೊಣಕೈ ಹೊರಬದಿಯ ಮುರಿತ ಮೋಸದ್ದು: 2 ಮಿ.ಮೀ.ಗಿಂತ ಕಡಿಮೆ ಜರುಗಿದ್ದರೂ ಪ್ಲಾಸ್ಟರ್ ಒಳಗೇ ಮತ್ತೆ ಸರಿಯಬಹುದು. ವಾರದೊಳಗೆ ಇನ್ನೊಂದು ಎಕ್ಸ್‌ರೇ ತಪ್ಪಿಸಬೇಡಿ.

ಎಣ್ಣೆ ಹಚ್ಚಿ ತಿಕ್ಕಿಸಲೇಬೇಡಿ. ಬೆರಳು ತಣ್ಣಗಾದರೆ, ಬಿಳಿಚಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲೆಂದು ಕಾಯದೆ ಬೆಂಗಳೂರು ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಮೂಳೆ ಆಸ್ಪತ್ರೆಗೆ ಹೊರಡಿ.