ಐದರಲ್ಲಿ ಮೂರು: ನಮ್ಮನ್ನು ಜೋರ್ಡಾನಿಗೆ ಕಳಿಸಿದ ಕಾಸರಗೋಡಿನ ಟ್ರಾವೆಲ್ಸ್

ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಹಾಗಾಗಿ ಅಂಕ ಮೊದಲು: ಐದರಲ್ಲಿ ಮೂರು. ಅಂಗಡಿಯ ಹೆಸರು ಬರೆಯುವುದಿಲ್ಲ. ಕಾಸರಗೋಡು ಪೇಟೆಯಲ್ಲಿ ಗಲ್ಫಿಗೆ ಟಿಕೆಟ್ ಮಾಡಿಕೊಡುವ ಟ್ರಾವೆಲ್ಸ್‌ಗಳು ಗೂಡಂಗಡಿಗಳಷ್ಟೇ ಉಂಟು, ಅದರಲ್ಲಿ ಇದೂ ಒಂದು. ಈಗ ಟೂರ್ ಪ್ಯಾಕೇಜೂ ಶುರು ಮಾಡಿದ್ದಾರೆ.

ಬಂಡೆ ಕಡಿದು ಮಾಡಿದ ಹಳೇ ನಗರ ಪೆಟ್ರಾ ನೋಡಬೇಕೆಂಬ ಆಸೆ ನನ್ನದು, ಮೃತಸಮುದ್ರದಲ್ಲಿ ತೇಲಬೇಕೆಂಬ ಆಸೆ ನಮ್ಮವರದು. ಬೆಂಗಳೂರಿನಲ್ಲಿರುವ ಮಗ ಸುದ್ದಿ ಕೇಳಿದವನೇ ಫೋನಿನಲ್ಲಿ ಕೂಗಾಡಿದ. "ಅಮ್ಮಾ, ಒಂದು ಕಡೆ ಇಸ್ರೇಲ್, ಒಂದು ಕಡೆ ಸಿರಿಯಾ, ಇನ್ನೊಂದು ಕಡೆ ಇರಾಕ್. ನಿಮಗೆ ಹೋಗಲಿಕ್ಕೆ ಬೇರೆ ದೇಶ ಸಿಗಲಿಲ್ವಾ?" ನಾಲ್ಕನೇ ಕಡೆ ಸೌದಿ ಅರೇಬಿಯಾ ಉಂಟು ಅಂತ ನಾನೇ ಸೇರಿಸಿದೆ.

ಟ್ರಾವೆಲ್ಸ್‌ಗೆ ಮೊದಲ ಸಲ ಹೋದಾಗ ಎದುರು ಕೂತದ್ದು ಅಂಗಡಿಯ ಯಜಮಾನರೇ. ಎ.ಸಿ. ತಂಪಾಗಿತ್ತು, ನಿಂಬೆ ಶರಬತ್ತೂ ಬಂತು. ಫಾರ್ಮ್ ಮಾತ್ರ ಮಲಯಾಳ ಮತ್ತು ಇಂಗ್ಲಿಷ್‌ನಲ್ಲಿ. ಕನ್ನಡದ್ದು ಉಂಟಾ ಅಂತ ಕೇಳಿದರೆ ನಕ್ಕರು. ಇದಕ್ಕೆ ಅರ್ಧ ಅಂಕ ಕಳೆದಿದ್ದೇನೆ. (ನಮ್ಮೂರಲ್ಲಿ ಇದಕ್ಕೆಲ್ಲ ಅಂಕ ಕಳೆಯುತ್ತಾ ಕೂತರೆ ಯಾರೂ ಪಾಸಾಗುವುದಿಲ್ಲ, ಆ ಮಾತು ಬೇರೆ.) 2024ರ ಏಪ್ರಿಲ್‌ನಲ್ಲಿ ಇರಾನ್ ಇಸ್ರೇಲಿನ ಮೇಲೆ ಡ್ರೋನು, ಕ್ಷಿಪಣಿ ಬಿಟ್ಟ ರಾತ್ರಿ ಜೋರ್ಡಾನ್ ತನ್ನ ಆಕಾಶದಲ್ಲಿ ಹಾದುಹೋಗುತ್ತಿದ್ದ ಕೆಲವನ್ನು ಹೊಡೆದುರುಳಿಸಿತ್ತು. ಅದರ ಚೂರುಗಳು ರಾಜಧಾನಿ ಅಮ್ಮಾನ್ ನಗರದಲ್ಲಿ ಬಿದ್ದ ಚಿತ್ರ ನೋಡಿದ್ದೆ, ಅದನ್ನೇ ಕೇಳಿದೆ. "ಅದೆಲ್ಲ ಮೇಲಿಂದ ಹೋದದ್ದು. ಒರು ಪ್ರಶ್ನವುಮಿಲ್ಲ ಟೀಚರೇ" ಅಂದರು. ಮಲಯಾಳದಲ್ಲಿ ಪ್ರಶ್ನ ಅಂದರೆ ತೊಂದರೆ. ನಮಗೆ ಪ್ರಶ್ನೆ ಅಂದರೆ ಪ್ರಶ್ನೆ, ಅದು ನನ್ನ ಹತ್ತಿರ ಬೇಕಾದಷ್ಟಿತ್ತು. ಆದರೂ ಶರಬತ್ತು ಕುಡಿದ ಮುಲಾಜಿಗೆ ಸುಮ್ಮನಾಗಿ ಹಣ ಕಟ್ಟಿದೆ.

ನಾವು ಹೊರಡಬೇಕಾಗಿದ್ದದ್ದು 2025ರ ಜೂನ್ 19ಕ್ಕೆ. ಜೂನ್ 13ರ ಬೆಳಗ್ಗೆ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು, ಜೋರ್ಡಾನ್ ವಿಮಾನಗಳಿಗೆ ಆಕಾಶ ಮುಚ್ಚಿತು. ಅಮ್ಮಾನಿನಲ್ಲಿ ಸೈರನ್ ಕೂಗುವುದನ್ನು ನಾನು ಟಿ.ವಿ.ಯಲ್ಲಿ ನೋಡುತ್ತಿದ್ದೆ, ಸೂಟ್‌ಕೇಸ್ ಅರ್ಧ ತುಂಬಿ ಮಂಚದ ಮೇಲೆ ಬಾಯಿ ತೆರೆದು ಕೂತಿತ್ತು. ಆ ಯುದ್ಧ ಹನ್ನೆರಡು ದಿನ ನಡೆಯಿತು. ಮುಗಿಯುವ ಹಿಂದಿನ ದಿನ, 23ನೇ ತಾರೀಕು, ಕತಾರ್‌ನಲ್ಲಿರುವ ಅಮೆರಿಕದ ನೆಲೆಗೆ ಇರಾನ್ ಕ್ಷಿಪಣಿ ಬಿಟ್ಟಾಗ ದೋಹಾದ ಆಕಾಶವನ್ನೂ ಮುಚ್ಚಿದರು. ನಮ್ಮ ಜಿಲ್ಲೆಯಲ್ಲಿ ಆ ರಾತ್ರಿ ನಿದ್ದೆ ಮಾಡಿದ ಮನೆಗಳು ಕಡಿಮೆ, ಪ್ರತಿ ಮನೆಯಿಂದ ಒಬ್ಬರಾದರೂ ಅಲ್ಲಿರುವವರೇ.

ಹಣ ವಾಪಸು ಕೇಳುವಾಗ ನಿಜವಾದ ಪಾಠವಾಯಿತು. ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈಯಿಂದ ಅಮ್ಮಾನಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಮಾಡಿದ್ದರು. ಒಟ್ಟಿಗೆ ಮಾಡಿದ್ದಕ್ಕಿಂತ ತಲೆಗೆ ಮೂರು ಸಾವಿರ ಉಳಿಯುತ್ತದೆ ಅಂತ. ಎರಡನೇ ವಿಮಾನ ರದ್ದಾಯಿತು, ಅದರ ಹಣ ಬಂತು. ಮೊದಲನೇ ವಿಮಾನ ಹಾರಿತು! ಹಾರಿದ ವಿಮಾನಕ್ಕೆ ನೀವು ಹೋಗಲಿಲ್ಲ, ಅದು ನಿಮ್ಮ ತಪ್ಪು, ಲೆಕ್ಕ ಅಷ್ಟೆ. ಇಬ್ಬರದ್ದು ಸೇರಿ 36,800 ರೂಪಾಯಿ ಹೋಯಿತು. ಎರಡೂ ಒಂದೇ ಬುಕಿಂಗ್ ನಂಬ್ರದಲ್ಲಿ ಇದ್ದಿದ್ದರೆ ದಾರಿಯಲ್ಲಿ ಸಿಕ್ಕಿಬಿದ್ದವರನ್ನು ಮುಟ್ಟಿಸುವ ಅಥವಾ ಹಣ ಕೊಡುವ ಹೊಣೆ ಕಂಪನಿಯದ್ದಾಗುತ್ತಿತ್ತು. ಪೂರ್ತಿ ಒಂದು ಅಂಕ ಇಲ್ಲಿ ಹೋಯಿತು.

ಮತ್ತೆ ಯಾಕೆ ಅಲ್ಲಿಗೇ ಹೋದಿರಿ ಅಂತ ಕೇಳಬಹುದು. ಹೋಟೆಲಿನ ಹಣ ಅವರಲ್ಲೇ ಜಮೆ ಇತ್ತು, ಅದಕ್ಕೆ. ಅಕ್ಟೋಬರ್‌ನಲ್ಲಿ, ಗಾಜಾದಲ್ಲಿ ಕದನವಿರಾಮ ಆದ ಮೇಲೆ, ಎರಡನೇ ಸಲ ಹೋದೆ. ಯಜಮಾನರು ಇರಲಿಲ್ಲ. ಮೂಲೆಯ ಕೌಂಟರಿನಲ್ಲಿ ಒಂದು ಹುಡುಗಿ. ನನ್ನನ್ನು ಕಂಡು ಎದ್ದು ನಿಂತು, "ಟೀಚರ್, ನಾನೂ ಕನ್ನಡ ಮೀಡಿಯಂ" ಅಂದಳು. ಮೇಜಿನ ಗಾಜಿನ ಕೆಳಗಿದ್ದ ನಕ್ಷೆ ಎಳೆದು ತೆಗೆದು ನನ್ನ ಕೈಗೆ ಪೆನ್ಸಿಲ್ ಕೊಟ್ಟಳು. "ಬಾಂಬ್ ಬೀಳ್ತದಾ ಅಂತ ಎಲ್ಲರೂ ಕೇಳ್ತಾರೆ, ನನಗೆ ಗೊತ್ತಿಲ್ಲ. ಸಿಕ್ಕಿಬಿದ್ದರೆ ಹೊರಗೆ ಬರಲಿಕ್ಕೆ ದಾರಿ ಎಷ್ಟುಂಟು, ಅದನ್ನು ಲೆಕ್ಕ ಹಾಕುವ" ಅಂದಳು.

ದಾರಿ ಮುಚ್ಚುವುದೆಂದರೆ ಎಂತ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲಕ್ಕೆ, ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆಗೆ ಅಡ್ಡ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದರೂ ನಮ್ಮ ರೋಗಿಗಳಿಗೆ ಅದು ಪರದೇಶವೇ ಆಗಿತ್ತು. ಯುದ್ಧ ಇರಲಿಲ್ಲ, ಬಾಂಬ್ ಇರಲಿಲ್ಲ. ಮಣ್ಣು ಸಾಕಾಯಿತು.

ನಾವಿಬ್ಬರೂ ಪೆನ್ಸಿಲ್ ಹಿಡಿದು ಕೂತೆವು. ಆಕಾಶ ಮುಚ್ಚಿದರೆ ದಕ್ಷಿಣದ ಅಕಾಬಾ ಬಂದರಿನಿಂದ ಈಜಿಪ್ಟಿನ ನುವೈಬಾಕ್ಕೆ ಹಡಗು ಉಂಟು, ಆದರೆ ಅದಕ್ಕೆ ಈಜಿಪ್ಟಿನ ವೀಸಾ ಬೇಕು. ಉತ್ತರಕ್ಕೆ ಸಿರಿಯಾ, ಅದು ದಾರಿಯೇ ಅಲ್ಲ. ಬ್ರಿಟಿಷ್ ಸರಕಾರ ತನ್ನ ಜನರಿಗೆ ಕೊಡುವ ಸೂಚನೆಯಲ್ಲಿ ಸಿರಿಯಾ ಗಡಿಯಿಂದ 3 ಕಿಲೋಮೀಟರ್ ಒಳಗೆ ತೀರಾ ಅಗತ್ಯವಿಲ್ಲದೆ ಹೋಗಬೇಡಿ ಅಂತ ಇತ್ತು, ಅವಳು ಅದನ್ನು ಮೊಬೈಲಿನಲ್ಲಿ ತೋರಿಸಿದಳು. ಒಂದು ದೇಶಕ್ಕೆ ಒಂದೇ ಬಣ್ಣ ಬಳಿಯುವುದಕ್ಕಿಂತ ಇದು ಉಪಯೋಗದ್ದು. ನಮ್ಮ ಪ್ಯಾಕೇಜಿನಲ್ಲಿ ಗಡಿಯ ತುದಿಯಲ್ಲಿರುವ ಉಮ್ ಕೈಸ್ ಇತ್ತು, ಅದನ್ನು ಹೊಡೆದು ಹಾಕಿದೆವು. ಅಮ್ಮಾನಿನಿಂದ ಐವತ್ತು ಕಿಲೋಮೀಟರಿನ ಒಳಗಿರುವ ಜೆರಾಶ್ ಉಳಿಯಿತು. ಸೇತುವೆ ದಾಟಿ ಜೆರುಸಲೇಮಿಗೆ ಒಂದು ದಿನ ಅಂತಲೂ ಇತ್ತು. ಸೆಪ್ಟೆಂಬರ್ 18ಕ್ಕೆ ಅದೇ ಅಲೆನ್‌ಬಿ ಸೇತುವೆಯ ಬಳಿ ಇಬ್ಬರು ಇಸ್ರೇಲಿ ಸೈನಿಕರ ಕೊಲೆಯಾಗಿ ದಾರಿ ಬಂದ್ ಆಗಿತ್ತು. ಅದಕ್ಕೂ ಗೀಟು. ಆಮೇಲೆ ಇನ್ಶೂರೆನ್ಸ್ ಕಾಗದ ತೆಗೆದು, ಸಣ್ಣ ಅಕ್ಷರದಲ್ಲಿದ್ದ ಯುದ್ಧ, ಆಕ್ರಮಣ ಎಂಬ ಸಾಲಿನ ಕೆಳಗೆ ಗೆರೆ ಎಳೆದಳು. "ಕಾಲು ಮುರಿದರೆ ಕೊಡ್ತಾರೆ ಟೀಚರ್. ಯುದ್ಧದಿಂದ ಆದದ್ದಕ್ಕೆ ಕೊಡೂದಿಲ್ಲ." ಆರು ತಿಂಗಳ ಹಿಂದೆ ಯಜಮಾನರು ಇದೇ ಕಾಗದ ಬೀಸುತ್ತಾ ಎಲ್ಲದಕ್ಕೂ ಕವರ್ ಉಂಟು ಅಂದಿದ್ದರು!

ಕೊನೆಗೆ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟಳು: ಬಿ.ಪಿ. ಮಾತ್ರೆ ಹತ್ತು ದಿನದ್ದು ಹೆಚ್ಚಿಗೆ, ಕೈಯಲ್ಲಿ ಡಾಲರ್ ನೋಟು, ಅಮ್ಮಾನಿನ ಭಾರತೀಯ ರಾಯಭಾರ ಕಚೇರಿಯ ನಂಬ್ರ ಮೊಬೈಲಲ್ಲೂ ಕಾಗದದಲ್ಲೂ, ಹೋಗಿಬರುವ ಟಿಕೆಟ್ ಒಂದೇ ಬುಕಿಂಗಿನಲ್ಲಿ. ಜೋರ್ಡಾನ್ ಪಾಸ್ ಅಂತ ಒಂದು ಉಂಟು, 70 ದಿನಾರ್. ಮೂರು ರಾತ್ರಿ ನಿಂತರೆ 40 ದಿನಾರಿನ ವೀಸಾ ಶುಲ್ಕ ಇಲ್ಲ, ಪೆಟ್ರಾ ಟಿಕೆಟೂ ಅದರಲ್ಲೇ. ಒಂದು ದಿನಾರ್ ಅಂದರೆ 120 ರೂಪಾಯಿಗಿಂತ ಹೆಚ್ಚು. ಜೂನ್‌ನ ಬಿಲ್ಲಿನಲ್ಲಿ ವೀಸಾಕ್ಕೂ ಪೆಟ್ರಾಕ್ಕೂ ಬೇರೆ ಬೇರೆ ಹಾಕಿದ್ದರು.

ಮಗನಿಗಿಂತ ಹೆಚ್ಚು ನಂಬುವುದು ನಾನು ನೆರೆಮನೆಯ ಹಾಜಿಯವರನ್ನು. ಅವರು ಜೋರ್ಡಾನ್ ನೋಡಿದ್ದು 1990ರಲ್ಲಿ, ಪ್ಯಾಕೇಜಿಲ್ಲದೆ. ಸದ್ದಾಂ ಕುವೈತಿಗೆ ನುಗ್ಗಿದಾಗ ಅಲ್ಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಬಸ್ಸು ಹತ್ತಿ ಬಾಗ್ದಾದ್, ಅಲ್ಲಿಂದ ಗಡಿ, ಗಡಿಯ ಮರುಭೂಮಿಯಲ್ಲಿ ಡೇರೆ. ಆ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಊರಿಗೆ ತಂದರಲ್ಲ, ಹೆಚ್ಚಿನವರು ಹತ್ತಿದ್ದು ಅಮ್ಮಾನಿನಿಂದಲೇ. "ನೀರಿಗೆ ಕ್ಯೂ, ರೊಟ್ಟಿಗೆ ಕ್ಯೂ, ಆದರೆ ಹೆದರಿಕೆ ಇರಲಿಲ್ಲ ಟೀಚರೇ. ಗಡಿ ದಾಟಿದ ಮೇಲೆ ನಿದ್ದೆ ಬಂತು" ಅಂದರು. 2025ರ ಜೂನ್‌ನಲ್ಲೂ ಹಾಗೆಯೇ ಆಯಿತು. ಭಾರತ ಸರಕಾರದ ತೆರವು ಕಾರ್ಯಾಚರಣೆ ಆಪರೇಷನ್ ಸಿಂಧುವಿನಲ್ಲಿ ಇಸ್ರೇಲಿನಲ್ಲಿದ್ದ ಭಾರತೀಯರು ಹಲವರು ರಸ್ತೆಯಲ್ಲಿ ಜೋರ್ಡಾನಿಗೆ ದಾಟಿ ಅಲ್ಲಿಂದ ವಿಮಾನ ಹತ್ತಿದರು. ನನ್ನ ಮಗ ಹೆದರಿದ ದೇಶಕ್ಕೆ ಉಳಿದವರು ಓಡಿಬರುತ್ತಾರೆ ಅಂತಾಯಿತು.

ನವೆಂಬರ್‌ನಲ್ಲಿ ಹೋಗಿಬಂದೆವು, ಎಂಟು ದಿನ. ಹೋಟೆಲು ಚೊಕ್ಕ, ಊಟ ಹಿಡಿಸಿತು, ಅನ್ನದ ಚಿಂತೆಯವರು ಉಪ್ಪಿನಕಾಯಿ ಕಟ್ಟಿಕೊಳ್ಳಿ. ಮೃತಸಮುದ್ರದ ರಸ್ತೆಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡಿದರು, ಅಷ್ಟೆ. ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿನ ಆ ನೀರಿನಲ್ಲಿ ನಮ್ಮವರು ಬೆನ್ನ ಮೇಲೆ ತೇಲಿದರು, ಖುಷಿಯಲ್ಲಿ ಮಗುಚಿ ಕಣ್ಣಿಗೆ ಉಪ್ಪು ಹಾಕಿಕೊಂಡು ಬೊಬ್ಬೆ ಹೊಡೆದರು. ಇಡೀ ಪ್ರವಾಸದ ವೈದ್ಯಕೀಯ ಘಟನೆ ಅದೊಂದೇ. ಸಂಜೆ ಆಚೆ ದಡದಲ್ಲಿ ದೀಪ ಹತ್ತಿಕೊಂಡವು. ಅದು ಪಶ್ಚಿಮ ದಂಡೆ, ಪ್ಯಾಲೆಸ್ಟೀನಿನ ವೆಸ್ಟ್ ಬ್ಯಾಂಕ್. ಅಷ್ಟು ಹತ್ತಿರ.

ಹೆದರಬೇಕಾದದ್ದು ಬೇರೆಯೇ ಇತ್ತು, ಅದನ್ನು ನಮಗೆ ಹೇಳಿದ್ದು ಅಲ್ಲಿನ ಡ್ರೈವರ್. ಪೆಟ್ರಾಕ್ಕೆ ಹೋಗಬೇಕಾದ ದಿನ ಬೆಳಗ್ಗೆ ಮೋಡ ತೋರಿಸಿ, ಇವತ್ತು ಬೇಡ, ನಾಳೆ ಅಂದ. ಮಳೆ ಎಲ್ಲೋ ದೂರದ ಗುಡ್ಡದಲ್ಲಿ ಬೀಳುತ್ತದೆ, ಒಣಗಿದ ಹಳ್ಳದಲ್ಲಿ ನೀರು ನುಗ್ಗಿ ಬರುತ್ತದೆ. 2018ರ ಅಕ್ಟೋಬರ್‌ನಲ್ಲಿ ಮೃತಸಮುದ್ರದ ಬಳಿ ಹೀಗೆಯೇ 21 ಮಂದಿ ಕೊಚ್ಚಿಹೋದರು, ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು. ಎರಡು ವಾರದ ಮೇಲೆ ಪೆಟ್ರಾದಿಂದ ಸಾವಿರಾರು ಪ್ರವಾಸಿಗರನ್ನು ತೆರವು ಮಾಡಬೇಕಾಯಿತು. ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಎಷ್ಟೋ ಪ್ರವಾಸಕ್ಕೆ ಕರೆದುಕೊಂಡು ಹೋದವಳಿಗೆ ಆ ಮಾತು ಕೇಳಿ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಟ್ರಾವೆಲ್ಸಿನ ಯಜಮಾನರೋ, ಪ್ಲಾನ್ ಪ್ರಕಾರ ಹೋಗಿ, ಇಲ್ಲದಿದ್ದರೆ ಹೆಚ್ಚಿನ ರಾತ್ರಿಯ ಹೋಟೆಲಿಗೆ ನೀವೇ ಕೊಡಬೇಕು ಅಂತ ವಾಟ್ಸ್‌ಆಪ್ ಮಾಡಿದರು. ಕೊಟ್ಟೆವು. ಇನ್ನರ್ಧ ಅಂಕ ಅದಕ್ಕೆ.

ಮರುದಿನ ಸಿಕ್ ಎಂಬ ಕಿರಿದಾದ ಕಮರಿಯಲ್ಲಿ 1.2 ಕಿಲೋಮೀಟರ್ ನಡೆದೆವು. ಅದರ ಬಾಯಲ್ಲಿ ಒಂದು ಅಣೆಕಟ್ಟು, ಪಕ್ಕದಲ್ಲಿ ಬಂಡೆ ಕೊರೆದ ಸುರಂಗ. ನೆರೆನೀರು ಕಮರಿಗೆ ನುಗ್ಗದ ಹಾಗೆ ಎರಡು ಸಾವಿರ ವರ್ಷದ ಹಿಂದೆ, ಪೆಟ್ರಾ ಕಟ್ಟಿದ ನಬಾತಿಯನ್ನರು ತಿರುಗಿಸಿದ್ದು. 1963ರಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ನೆರೆಯಲ್ಲಿ ಸತ್ತ ಮೇಲೆ ಅಣೆಯನ್ನು ಮತ್ತೆ ಕಟ್ಟಿದರಂತೆ. ನಾವು ನೀರು ಬರಲಿ ಅಂತ ಮುರಕಲ್ಲು ಗುಡ್ಡ ಕೊರೆದು ಸುರಂಗ ಮಾಡುವವರು, ಅವರು ನೀರು ಬಾರದಿರಲಿ ಅಂತ ಕೊರೆದಿದ್ದಾರೆ. ಎಲ್ಲರೂ ಮುಂದಿನ ಖಜಾನೆ ಎಂಬ ಬಂಡೆಯಲ್ಲಿ ಕಡಿದ ಕಟ್ಟಡದ ಕಡೆಗೆ ಓಡುತ್ತಿದ್ದರು. ನಾನೂ ನಮ್ಮವರೂ ಸುರಂಗದ ಎದುರೇ ಕಾಲು ಗಂಟೆ ನಿಂತೆವು, ನಮ್ಮ ತೋಟದ್ದು ಇದಕ್ಕಿಂತ ಸಪೂರ ಅಂತ ಮಾತಾಡಿಕೊಂಡು.

ಕಳೆದ ವಾರ ಉಳಿದ ಲೆಕ್ಕ ಚುಕ್ತಾ ಮಾಡಲು ಟ್ರಾವೆಲ್ಸ್‌ಗೆ ಹೋಗಿದ್ದೆ, ಅವಳಿಗೆ ಅಂತ ತಂದ ಖರ್ಜೂರದ ಪೊಟ್ಟಣ ಹಿಡಿದುಕೊಂಡು. ಮೂಲೆಯ ಕೌಂಟರ್ ಖಾಲಿ. ಕೆಲಸ ಬಿಟ್ಟು ಅಬುಧಾಬಿಗೆ ಹೋದಳಂತೆ. ಗಾಜಿನ ಕೆಳಗಿನ ನಕ್ಷೆಯೂ ಇಲ್ಲ, ಅಲ್ಲಿ ಈಗ ಥಾಯ್ಲೆಂಡಿನ ಆಫರ್. ಮೇಲೆ ಕೊಟ್ಟ ಮೂರು ಅಂಕದಲ್ಲಿ ಎರಡು ಅವಳದ್ದು, ಹೋಗುವವರು ಅದನ್ನು ಕಳೆದು ಓದಿಕೊಳ್ಳಿ.